ಬಾಯಿ ತೆರೆದವನ ವಾದ

ಊರಿನ ಹೆಸರು ಹಲ್.
ಫೋನಿನಲ್ಲಿ ಹೇಳಿದಾಗಲೆಲ್ಲ ಅವ್ವ
‘ಯಾವ ಹಲ್ಲು, ಮುಂದಿಂದೇನು ದವಡೀದೇನು’ ಎನ್ನುತ್ತಾಳೆ.
ಆರು ವರ್ಷದಿಂದ ಅದೇ ಜೋಕು.

ಹೆಸಲ್ ರೋಡಿನ ಕ್ಲಿನಿಕ್ಕಿನಲ್ಲಿ
ಉಗುಳು ಹೀರುವ ಕೊಳವೆ ಹಿಡಿಯುವುದು ನನ್ನ ಉದ್ಯೋಗ.
ಮಂಗಳವಾರ. ಕುರ್ಚಿಯಲ್ಲಿ ಡೆನಿಸ್ ಥರ್ಸ್ಕ್,
ಒಂದು ಕಾಲಕ್ಕೆ ಮೀನಿನ ಹಡಗಿನಲ್ಲಿ ಬಲೆ ಎಳೆದ ಕೈಗಳು
ನೀಲಿ ಕಾಗದದ ಬಿಬ್ಬಿನಡಿ ಸುಮ್ಮನೆ.
ಸೂಜಿ ಚುಚ್ಚಿ, ವಸಡು ಮರಗಟ್ಟಲೆಂದು ಕಾಯುತ್ತ
ಡಾಕ್ಟರ್ ಪಿಕರ್ಸ್‌ಗಿಲ್ ಶುರುಮಾಡಿದರು.

(ಇವರದು ಅರ್ಧ ನುಂಗಿದ ಇಂಗ್ಲಿಷು;
ನನ್ನ ಕಿವಿಯಲ್ಲಿ ಇಳಿಯುವಾಗ
ಹುಬ್ಬಳ್ಳಿಯ ಮಾತಾಗಿಯೇ ಇಳಿಯುತ್ತದೆ.)

‘ಟಿನ್ ಹೆರನ್ಸ್ ಮೊದಲ್ನೇ ಆಲ್ಬಮ್ಮಿನಾಗ ಏನೈತ್ರಿ?
ಮೀನಿನ ಗೋದಾಮಿನ್ಯಾಗ ಎರಡ ರಾತ್ರ್ಯಾಗ ಬಡದದ್ದು.
ಡ್ರಮ್ ಅಂದ್ರ ಡಬ್ಬಿ, ಗಿಟಾರ್ ಅಂದ್ರ ಗರಗಸ.
ಎರಡನೇದು ಕೇಳ್ರಿ,
ತಂತಿ ತಂತಿ ಬ್ಯಾರೆ ಬ್ಯಾರೆ ಕೇಳತೈತಿ.’

ಡೆನಿಸ್‌ನ ಬಾಯಲ್ಲಿ ಹತ್ತಿ, ಕನ್ನಡಿ, ನನ್ನ ಕೊಳವೆ.
‘ಆಂ’ ಎಂದ. ಅಷ್ಟೇ.
ಆಮೇಲೆ ಬಿಬ್ಬಿನಡಿಯಿಂದ
ಒಂದು ಬೆರಳು ಎದ್ದಿತು.

‘ಎರಡು,’ ಡಾಕ್ಟರ್ ಅಂದರು, ಇಕ್ಕಳ ಎತ್ತಿಕೊಂಡು.
ಬೆರಳು ಒಂದೇ. ಇನ್ನಷ್ಟು ನೆಟ್ಟಗೆ.

ಇಂಥ ವಾದ ನಾನೆಲ್ಲೂ ಕಂಡಿಲ್ಲ:
ಒಬ್ಬರ ಕೈಯಲ್ಲಿ ಇಕ್ಕಳ,
ಇನ್ನೊಬ್ಬ ಬಾಯಿ ಮುಚ್ಚುವಂತೆಯೇ ಇಲ್ಲ.
ಕರುಣೆಯೋ ಕುತೂಹಲವೋ,
ಕೊಳವೆ ಹೊರತೆಗೆದೆ.

‘ಮೊದಲ್ನೇದರಾಗ ಅವಂಗ ಮುಂದಿನ ಹಲ್ಲ ಇರಲಿಲ್ಲ,’
ಜೋತ ತುಟಿಯಲ್ಲೇ ಡೆನಿಸ್.
‘ಸ ಅಂದ್ರ ಸುಂಯ್ ಅಂತಿತ್ತು,
ಹಡಗಿನ ಹಗ್ಗದಾಗ ಗಾಳಿ ಹೊಕ್ಕಂಗ.
ಲಂಡನ್ನಿನವ್ರು ರೊಕ್ಕ ಕೊಟ್ಟು ಹಲ್ಲ ಕಟ್ಟಿಸಿದ್ರು.
ಆಮ್ಯಾಲೆ ಅವ ಚಂದ ಹಾಡಿದ.
ಚಂದ ಹಾಡೂ ಮಂದಿ ಬೇಕಾದಷ್ಟು ಅದಾರ.’

ಮೂವತ್ತು ವರ್ಷ ಹಲ್ಲು ಕಟ್ಟಿದ ಡಾಕ್ಟರ್
ಸರಿಯಾಗಿಯೇ ಇದ್ದ ದೀಪವನ್ನು
ಒಮ್ಮೆ ಸರಿಮಾಡಿದರು.
‘ಉಚ್ಚಾರ ಅಂಬೋದು ಒಂದೈತಿ, ಡೆನಿಸ್.
ಮೊದಲ್ನೇದರಾಗ ಒಂದ ಶಬ್ದ ತಿಳಿಯಂಗಿಲ್ಲ.’

‘ತಿಳೀತಿತ್ತು. ಮೂರ ವಾರ ನೀರಿನ ಮ್ಯಾಲೆ,
ಹನ್ನೊಂದ ಮಂದಿಗೆ ಒಂದ ಕ್ಯಾಸೆಟ್ಟು,
ಇಂಜಿನ್ ಸಪ್ಪಳ ಬ್ಯಾರೆ.
ತಿಳೀತಿತ್ತು.’

ಕೊಳವೆ ಮತ್ತೆ ಒಳಗಿಟ್ಟೆ.
ಡಾಕ್ಟರ್ ಮೊಣಕೈ ಬಿಗಿದರು.
ಸ್ಟೀಲಿನ ಬಟ್ಟಲಲ್ಲಿ ಟಣ್ ಎಂದಿತು:
ಚಹಾ, ತಂಬಾಕಿನ ಬಣ್ಣದ್ದು,
ಬೇರು ನಾನೆಣಿಸಿದ್ದಕ್ಕಿಂತ ಉದ್ದ.

ನಮ್ಮಲ್ಲೊಂದು ಕಡಲೆಯ ಗಾದೆ ಉಂಟಲ್ಲ,
ನಾಲಗೆಯ ತುದಿಯಲ್ಲಿ ತಾನಾಗಿ ತಿರುಚಿಕೊಂಡಿತು:
ಹಾಡಿದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಹಾಡಿಲ್ಲ.
ಹೇಳೋಣವೆಂದರೆ
ಇವರ ಕಡಲೆ ಡಬ್ಬಿಯದು,
ಬೆಂದು ನೀರಲ್ಲಿ ಕೂತದ್ದು,
ಅದಕ್ಕೆ ಹಲ್ಲೇ ಬೇಕಿಲ್ಲ.

‘ಹದಿನೈದ ದಿನ ಬಿಟ್ಟು ಬರ್ರಿ, ಹೊಸಾದು ಕೂಡಸೂಣು.’
ಡೆನಿಸ್ ಕನ್ನಡಿಯೆದುರು ನಿಂತು
ಬಟ್ಟೆಯುಂಡೆ ಸರಿಸಿ,
ಖಾಲಿ ಸಂದಿಯಿಂದ ಒಂದು ಸ ಬಿಟ್ಟು ನೋಡಿದ.
ರಕ್ತದ ಹನಿಯೊಂದು ಕನ್ನಡಿಗೆ ಹಾರಿತು.
‘ಅವಸರ ಇಲ್ಲ ಬಿಡ್ರಿ,’ ಅಂದ.

ಮೂರನೆಯ ಆಲ್ಬಮ್ಮನ್ನು
ಇಬ್ಬರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.
ಎರಡು ಪೌಂಡಿಗೆ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತ್ತು.
ಹಾಡುಗಳು ಅಷ್ಟಕ್ಕಷ್ಟೆ.
ಆದರೆ ಎರಡನೇ ಬದಿಯ ಕೊನೆಗೆ
ಯಾರೋ ಟೇಪು ನಿಲ್ಲಿಸಲು ಮರೆತಿದ್ದಾರೆ:
ಕುರ್ಚಿ ಎತ್ತಿಡುವ ಸದ್ದು,
ಒಂದು ಆಕಳಿಕೆ,
ಯಾರಿಗೋ ಬಸ್ಸಿನ ಚಿಂತೆ.
ರಾತ್ರಿ ಅನ್ನಕ್ಕಿಟ್ಟು ಅದನ್ನೇ ಕೇಳುತ್ತೇನೆ.

ಕ್ಲಿನಿಕ್ಕಿನಲ್ಲಿ ಹೇಳಿಲ್ಲ.
ಹೇಳಿದರೆ ಆ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿ
ಬಾಯಿ ತೆರೆ ಎಂದಾರು.