ಸಡಿಲ ನೇಯ್ಗೆ

ಗುಳೇದಗುಡ್ಡದಲ್ಲಿ ಕುಣಿಮಗ್ಗಕ್ಕೆ ಕಾಲಿಳಿಬಿಟ್ಟು ಕೂತ
ಯೋನಪ್ಪನ ಮಗಳು ಎಸ್ತೇರಿ,
ಊರ ಬಾಯಲ್ಲಿ ಸಿಸ್ಟರವ್ವ.

ಎಳೆ ಕಡಿದರೆ ಗಂಟು ಕಾಣದ ಹಾಗೆ ಹೊಸೆಯುವುದನ್ನು
ಅಕ್ಷರಕ್ಕಿಂತ ಮೊದಲು ಕಲಿತಿದ್ದಳು.
ಬೆಟಗೇರಿಯ ದವಾಖಾನೆಯಲ್ಲಿ ಡಾಕ್ಟರು
ಅವಳ ಮೊದಲ ಹೊಲಿಗೆ ನೋಡಿ ಕೇಳಿದರಂತೆ:
“ಯಾರ ಹತ್ರ ಕಲ್ತಿ?”
“ಲಾಳಿ ಹತ್ರರೀ.”

ನಲವತ್ಮೂರರ ಬೇಸಗೆ. ಗುಳೇದಗುಡ್ಡ ರೋಡಿನ ಠೇಸಣ.
ತಗಡಿನ ಟ್ರಂಕು, ಒಂದು ಗಂಟು ಕಟಕ ರೊಟ್ಟಿ, ಗುರೆಳ್ಳು ಚಟ್ನಿ.
ಅಪ್ಪ ಮಾತಾಡಲಿಲ್ಲ. ರೈಲು ಅಲುಗಿದ ಮೇಲೆ
“ಮೂಡಲಕ್ಕ ತಲಿ ಮಾಡಿ ಮಲಗು” ಅಂದ,
ಯುದ್ಧವೂ ಮೂಡಲಕ್ಕೇ ಇತ್ತೆಂದು ತಿಳಿಯದೆ.

ದಿಮಾಪುರದಾಚೆ ಬಿದಿರ ಜೋಪಡಿಗಳು.
ಮುನ್ನೂರು ಹಾಸಿಗೆ, ಹನ್ನೊಂದು ಕಂದೀಲು.
ಕಾಲು ಕಳಕೊಂಡವರು ಕಾಲು ತುರಿಸುತ್ತಿದೆ ಎನ್ನುವರು;
ಅವಳು ಇಲ್ಲದ ಕಾಲನ್ನು ತುರಿಸುವಳು,
ಹೊದಿಕೆಯ ಆ ಖಾಲಿ ತಗ್ಗಿನ ಮೇಲೆ
ಉಗುರಾಡಿಸಿ.

ವೈರಿ ಪಡೆಯ ಹುಡುಗನೊಬ್ಬ, ಇನ್ನೂ ಮೀಸೆ ಮೂಡದವ,
ನೀರಿಗೆ ಬಾಯಿ ತೆರೆದಾಗ ವಾರ್ಡಿನ ತುಂಬ ಸದ್ದಡಗಿತು.
ಅದೇ ಲೋಟ. ಅದೇ ನೀರು.
ನಮ್ಮವರ ರಕ್ತ ಮರೆತೆಯಾ ಅಂದ ಹವಾಲ್ದಾರನಿಗೆ
ಅವನದೇ ಪಟ್ಟಿ ಬಿಚ್ಚುತ್ತ ಹೇಳಿದಳಂತೆ:
“ರಕ್ತಾನ ದಿನಾ ಒಗಿಯಾಕಿ ನಾನು. ಯಾರದು ಅಂತ
ಅರಿವ್ಯಾಗ ಬರ್ದಿರೂದಿಲ್ಲೋ ತಮ್ಮಾ.”

ಹುಡುಗ ಮೂರನೇ ದಿನ ಹೋದ. ಹೆಸರು ತಿಳಿಯಲಿಲ್ಲ.
ಎಂಬತ್ತು ದಾಟಿದ ಮೇಲೂ ಸಂಜೆಯ ಪ್ರಾರ್ಥನೆಯ ಕೊನೆಗೆ
ಒಂದು ಹೆಸರಿನಷ್ಟು ಹೊತ್ತು ಸುಮ್ಮನಿರುತ್ತಿದ್ದಳು.

ಮರಳಿದಾಗ ಊರ ತುಂಬ ನಾರುಹುಣ್ಣು, ಬಟ್ಟೆಗೆ ರೇಷನ್ನು.
ಬಾವಿಯ ಮೆಟ್ಟಿಲ ಮೇಲೆ ಕೂತು ಬಂದಬಂದವರ ಕೊಡದ ಬಾಯಿಗೆ
ಬಿಗಿ ನೇಯ್ಗೆಯ ಅರಿವೆ ಕಟ್ಟಿದಳು, ಬೈಸಿಕೊಂಡಳು, ಕಟ್ಟಿದಳು.
ಹುಣ್ಣಿಗೆ ಮಾತ್ರ ಬೇರೆಯದು ಬೇಕಿತ್ತು.
ಅಪ್ಪನ ಮಗ್ಗದೆದುರು ನಿಂತು ಕೇಳಿದಳು:
“ಎಳಿ ಬಿಟ್ಟು ಎಳಿ, ಜಾಳ ನೇದ್ಕೊಡು.”
ಮೂರು ತಲೆಮಾರು ಖಣ ನೇದ ಕೈಗೆ
ಅದು ಬೈಗುಳದ ಹಾಗಿತ್ತು.
“ಹಿಂಗ ನೇದ್ರ ನನ್ನ ಯಾರರ ನೇಕಾರ ಅಂತಾರೇನು?”
“ಗಾಯಕ್ಕ ಉಸರಾಡಾಕ ಬೇಕಪ್ಪಾ.”

ಎಂಟು ದಿನ ಮುನಿಸು. ಒಂಬತ್ತನೆಯ ಬೆಳಗ್ಗೆ
ಓಣಿಗೆ ಕೇಳಿತು ಬೇರೆಯೇ ಒಂದು ಸದ್ದು,
ಲಾಳಿ ನಡುನಡುವೆ ತಡೆದು, ಯೋಚಿಸಿ ಓಡುವ ಸದ್ದು.

ಸರಕಾರ ಕೊಟ್ಟ ಪದಕ?
ನೂಲು ತೂಗುವ ತಕ್ಕಡಿಯ ಒಂದು ತಟ್ಟೆ ತುಸು ಹಗುರವಿತ್ತು,
ಅದಕ್ಕೆ ಕಟ್ಟಿದ್ದಳು.
ಅದರಲ್ಲೇ ಓಣಿಯ ಕೂಸುಗಳ ತೂಕ.
ನನ್ನನ್ನೂ ತೂಗಿದಳು, ಅವ್ವ ಹೇಳುತ್ತಿದ್ದಳು,
ನಾಲ್ಕೂವರೆ ಪೌಂಡು.
“ಉಳೀತೈತಿ ಬಿಡು” ಅಂದು ಕೈ ತೊಳೆಯಲು ಹೋದಳಂತೆ.

ಅವಳ ಹೆಸರಿನ ರಸ್ತೆಯಿಲ್ಲ.
ಮೊನ್ನೆ ಮೊಣಕಾಲು ತರಚಿತು. ಔಷಧದಂಗಡಿಯ ಪಟ್ಟಿಯನ್ನು
ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ:
ಎಳೆ, ಸಂದು, ಎಳೆ.
ಯಂತ್ರ ನೇದದ್ದು. ಎಲ್ಲೂ ತಡೆದಿಲ್ಲ.
ಇದಕ್ಕಾಗಿ ಯಾರೂ
ಎಂಟು ದಿನ ಮುನಿಸಿಕೊಂಡಿಲ್ಲ.