ಉಪ್ಪು ತಿಂದು ನೀರು ಕೇಳದ್ದು

ಬದುಕಿರುವವರು ನೂರಾ ಹನ್ನೊಂದು.
ಗೋರಿಗಳು ಆರುನೂರು ಚಿಲ್ಲರೆ.
ಎರಡಕ್ಕೂ ಕೌನ್ಸಿಲ್ಲು ಇಟ್ಟಿರುವ ಆಳು ಒಬ್ಬಳೇ,
ನಾನು, ಮರ್ನಾ ಝಿಲ್ಮ್.
ಸೋಮವಾರ ಕಸದ ಲಾರಿ, ಮಿಕ್ಕ ದಿನ ಸ್ಮಶಾನ.

ಈ ಮ್ಯಾಲಿ ಸೀಮೆಯಲ್ಲಿ ಮಣ್ಣೆಂದರೆ
ಮರಳಿನ ಚಿಕ್ಕಪ್ಪನ ಮಗ.
ಬಡಗಣ ಗಾಳಿ ಎದ್ದಿತೆಂದರೆ
ಹೂತವರನ್ನು ಇನ್ನೊಮ್ಮೆ ಹೂಳಬೇಕೇನೋ ಎಂಬ ದಿಗಿಲು.
ನನ್ನ ಹಿಂದಿನವ ಹುಲ್ಲು ಹಾಸಿದ್ದ. ಬೋರಿನ ನೀರು ಉಪ್ಪು,
ಎರಡೇ ಬೇಸಿಗೆಗೆ ಹುಲ್ಲು ಹಪ್ಪಳ.
ಆಮೇಲೆ ಜಲ್ಲಿ ಸುರಿದರು. ಕೆಳಗಿನ ಮರಳು ನುಸುಳಿ ಹೋಗಿ
ಜಲ್ಲಿ ಮಾತ್ರ ಉಳಿಯಿತು, ಹಲ್ಲುಸೆಟ್ಟಿನ ಹಾಗೆ.

ನಾನು ನೆಟ್ಟದ್ದು ಬೇಲಿಯಾಚೆಯ ಗಿಡ.
ಯಾರೂ ನೆಡದೆ, ಹಕ್ಕಿಯ ಹಿಕ್ಕೆಯ ಜೊತೆ
ಮರದ ಬುಡಕ್ಕೆ ತಾನೇ ಬಂದು ಕೂತದ್ದು.
ರೂಬಿ ಸಾಲ್ಟ್‌ಬುಷ್ ಎಂದು ಹೆಸರು ದೊಡ್ಡದು,
ಆಳು ಮೊಣಕಾಲಿಗೂ ಬಾರದು.
ಎಲೆಯೋ, ಬೂದು ಹಸಿರಿನ ಪುಟ್ಟ ಪುಟ್ಟ ಬೆರಳು,
ಮುಟ್ಟಿದರೆ ಕರುವಿನ ಕಿವಿ.
ಅಂಗಿಗುಂಡಿಯಂಥ ಹಣ್ಣು, ಕೆಂಪು, ಕೆಲವು ಹಳದಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇದು ಉಪ್ಪು ತಿಂದಿತು.
ನೀರು ಕೇಳಲಿಲ್ಲ.

ಮೇ ತಿಂಗಳ ಮೊದಲ ಮಳೆಗೆ, ಹಾಲಿನ ಡಬ್ಬಗಳಲ್ಲಿ
ಬೇರು ಬರಿಸಿದ ಮುನ್ನೂರು ತುಂಡು, ತೋಳಿಗೊಂದು.
ಮೊದಲ ವರ್ಷ ಮುನಿದ ಮಗುವಿನಂತೆ
ಕೂತಲ್ಲೇ ಕೂತವು.
ಎರಡನೆಯ ವರ್ಷ ಒಂದೊಂದು ಗೇಣು.
ಮೂರನೆಯದಕ್ಕೆ ಒಂದರ ಕೈ ಇನ್ನೊಂದರ ಹೆಗಲಿಗೆ.
ಲುಥೆರನ್ನರ ಕಡೆ, ಕ್ಯಾಥೊಲಿಕ್ಕರ ಕಡೆ ಎಂಬ ಗೆರೆಯನ್ನು
ಯಾವ ರಾತ್ರಿ ದಾಟಿದವೋ, ನಾನು ನೋಡಲಿಲ್ಲ.

ಲೋಯಿಸ್ ನೋಸ್ಕಿ ಮಾತ್ರ ಒಪ್ಪಲಿಲ್ಲ.
ಎಂಬತ್ತನಾಲ್ಕು. ಶನಿವಾರ ಶನಿವಾರ ಪೊರಕೆ ಹಿಡಿದು ಬಂದು
ಗಂಡನ ಗೋರಿಯನ್ನು ಹಜಾರದಂತೆ ಗುಡಿಸುವವಳು.
“ನಲವತ್ತು ವರ್ಷ ಕ್ಲ್ಯಾರಿ ಇದನ್ನೇ ಕಿತ್ತ.
ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದ, ರಾಶಿ ಹಾಕಿ ಸುಟ್ಟ.
ಆ ಹೊಲದ ಗೋಧಿ ತಿಂದೇ ನೀನೂ ಬೆಳೆದದ್ದು.
ಈಗ ಅದನ್ನೇ ಅವನ ಎದೆಗೆ ಹೊದಿಸುತ್ತೀಯಾ?”

ಉತ್ತರ ಇತ್ತು. ಆ ಹೊಲ ಹಾರಿಹೋಗಿ ಎಷ್ಟೋ ವರ್ಷ.
ಹೇಳಲಿಲ್ಲ. ಗುದ್ದಲಿ ಹಿಡಿದವರು
ಗೋರಿಯ ಮುಂದೆ ವಾದಕ್ಕೆ ನಿಲ್ಲಬಾರದು.
ಅವನ ಸುತ್ತ ಒಂದು ಆಯತ ಬರಿದೇ ಬಿಟ್ಟೆ,
ತಿಂಗಳಿಗೊಮ್ಮೆ ಅಂಚು ಕತ್ತರಿಸಿದೆ, ಕ್ಷೌರದ ಹಾಗೆ.

ಜನವರಿಯಲ್ಲಿ ಮೂರು ದಿನ ಕೆಂಪು ಗಾಳಿ.
ಬೀದಿದೀಪ ಮಧ್ಯಾಹ್ನವೇ ಹತ್ತಿತು.
ನಾಲ್ಕನೆಯ ದಿನ ಹೋಗಿ ನೋಡಿದರೆ
ಗಿಡದ ಕೆಳಗಿನವರೆಲ್ಲ ಇದ್ದಲ್ಲೇ ಇದ್ದರು.
ಮೇಲಾಗಿ ರೆಂಬೆಗಳ ಮಡಿಲಲ್ಲಿ ಬೆರಳುದ್ದ ಹೊಸ ಮಣ್ಣು,
ಯಾರದೋ ಹೊಲದ್ದು.
ಕ್ಲ್ಯಾರಿಯ ಆಯತ ಬಟ್ಟಲಾಗಿತ್ತು.
ತಲೆಗಲ್ಲು ಒಂದು ಕಡೆಗೆ ವಾಲಿತ್ತು,
ಕಿವಿ ಮಂದವಾದವರು ಮಾತಿಗೆ ಬಾಗುವಂತೆ.

ಶನಿವಾರ ಬಂದಳು. ಗುಡಿಸಲು ಏನೂ ಇರಲಿಲ್ಲ.
ಬಕೆಟ್ಟು ಬೋರಲು ಹಾಕಿ ಬಹಳ ಹೊತ್ತು ಕೂತಳು.
ಆಮೇಲೆ ಪೊರಕೆಯ ಹಿಡಿಯಿಂದ
ಪಕ್ಕದ ಗೋರಿಯ ಉದ್ದ ರೆಂಬೆಯೊಂದನ್ನು ಎತ್ತಿ
ಈಚೆಗೆ ಮಲಗಿಸಿದಳು,
ಎದ್ದುಹೋಗದಂತೆ ಮೇಲೊಂದು ಕಲ್ಲಿಟ್ಟಳು.
ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು.
“ಉಪ್ಪು,” ಅಂದಳು. ತಡೆದು, “ಹಿಂದೆಯೇ ಸಿಹಿ.
ಅಷ್ಟು ಸುಟ್ಟೆವು. ಒಂದನ್ನೂ ತಿಂದು ನೋಡಿರಲಿಲ್ಲ.”

ಗೇಟಿನ ಬಳಿ ತಿರುಗಿ ನಿಂತಳು:
“ಅವನಿಗೆ ಹೇಳಬೇಡ.”

ಹೇಳಿಲ್ಲ.
ಬೇರು ಬಿಟ್ಟಿದೆಯೋ ಎಂದು ಕಲ್ಲೆತ್ತಿ ನೋಡಿಲ್ಲ ಕೂಡ.
ಈ ಶನಿವಾರವೂ ಪೊರಕೆ ಬಂದಿದೆ,
ದಾರಿಯನ್ನಷ್ಟೇ ಗುಡಿಸುತ್ತಿದೆ.
ತಲೆ ಯಾವುದು ಬಾಲ ಯಾವುದು ತಿಳಿಯದ ದಪ್ಪ ಹಲ್ಲಿಯೊಂದು
ಕ್ಲ್ಯಾರಿಯ ಮೇಲಿನ ತುಸು ನೆರಳಲ್ಲಿ
ನೀಲಿ ನಾಲಿಗೆ ಚಾಚಿ
ನಿಧಾನ, ಬಲು ನಿಧಾನ
ಒಂದು ಕೆಂಪು ಗುಂಡಿ ಬಿಚ್ಚುತ್ತಿದೆ.