ಚುಕ್ಕೆಯ ಬಲಗಡೆ

ನಮ್ಮ ಕಡೆ ಪೈಸೆಗೆ ಎರಡೇ ಮನೆ.
ಇಲ್ಲಿ ಫಿಲ್ಸಿಗೆ ಮೂರು.
ಬಹರೈನಿಗೆ ಬಂದ ಹೊಸತರಲ್ಲಿ
ಮೂರನೆಯ ಮನೆಗೆ ಸೊನ್ನೆ ಹಾಕಲು ಮರೆತು
ಎಷ್ಟು ಸಲ ಬೈಸಿಕೊಂಡಿದ್ದೇನೆ!
ಈಗ ಹದಿನಾಲ್ಕು ವರ್ಷ. ಕನಸಿನಲ್ಲೂ
ಬಂಗುಡೆಯ ರೇಟಿಗೆ ಚುಕ್ಕೆಯಾಚೆ ಮೂರು ಅಂಕಿ.

ಮುಹರ್ರಕ್‌ನಲ್ಲಿ, ದರ್ಜಿ ಅಂಗಡಿಯ ಮಹಡಿಯ ಮೇಲೆ
ನಮ್ಮ ಸಹಾಯ ಕಚೇರಿ. ಎರಡು ಮೇಜು,
ತೊಟ್ಟಿಕ್ಕುವ ಏಸಿಯ ಕೆಳಗೆ ತುಪ್ಪದ ಖಾಲಿ ಡಬ್ಬಿ.
ಯಜಮಾನಿ ಬದ್ರಿಯಾ ಮೇಡಂ.
ಲೆಕ್ಕಕ್ಕೆ ನಾನು, ಶಿರ್ವದ ಸಿಂತಿಯಾ ಮತಾಯಸ್.

ಸರಕಾರಕ್ಕೆ ಬರೆದದ್ದು ಹದಿನೆಂಟು ಸಾವಿರ ದಿನಾರಿಗೆ.
ಏಳು ತಿಂಗಳು ಬಿಟ್ಟು ಕಾಗದ ಬಂತು.
ಮುದ್ರೆ ದೊಡ್ಡದು. ಮೊತ್ತ 11,400.000.
ಮೇಡಂ ಓದಿ ಹೇಳಿದರು:
ಸಮನಾಗಿ ಹಂಚತಕ್ಕದ್ದು. ಉಳಿದದ್ದನ್ನು ಮರಳಿಸತಕ್ಕದ್ದು.
ಕೊನೆಯ ಸಾಲು: ಈ ಬಾರಿಗೆ ಮಾತ್ರ.

ಪಟ್ಟಿಯಲ್ಲಿ ಅರವತ್ತಮೂರು ಸಂಸಾರ.
ಮೂವರು ಮೊಮ್ಮಕ್ಕಳನ್ನು ಸಾಕುವ ಉಮ್ಮ್ ಜಾಸಿಮ್,
ದೋಣಿ ಮಾರಿ ಬಲೆಯನ್ನಷ್ಟೇ ಉಳಿಸಿಕೊಂಡ ಮಹದಿ,
ವಿಚ್ಛೇದನದಲ್ಲಿ ಗಂಡನ ಕರೆಂಟು ಬಿಲ್ಲೂ ಪಾಲಿಗೆ ಬಂದ ನವಾಲ್.
ಚುಕ್ಕೆಯ ಎಡಗಡೆ ಸರಕಾರ; ಇವರ ವಾಸವೆಲ್ಲ ಬಲಗಡೆ.
ಭಾಗಿಸಿದೆ. ತಲಾ 180.952,
ಉಳಿಕೆ ಇಪ್ಪತ್ತನಾಲ್ಕು ಫಿಲ್ಸ್.
ಇಪ್ಪತ್ತೈದಕ್ಕೆ ನಾಣ್ಯವಿದೆ, ಇಪ್ಪತ್ತನಾಲ್ಕಕ್ಕಿಲ್ಲ.
ಇಲ್ಲದ ನಾಣ್ಯವನ್ನು ಮರಳಿಸುವುದು ಹೇಗೆಂದು
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದಾಗ

ಮೆಟ್ಟಿಲು ಹತ್ತಿ ಬಂದಳು ಝುಲೇಖಾ.
ಬಜ್ಪೆ ಕಡೆಯವಳು. ಗಂಡ ಹಿದ್ದ್‌ನ ಗೋದಾಮಿನಲ್ಲಿ
ಸೊಂಟ ಮುರಿದುಕೊಂಡು ಮಲಗಿ ಐದು ತಿಂಗಳು.
ಮಗುವಿನ ಕೈಯಲ್ಲಿ ಅರ್ಧ ಖುಬ್ಸು.
"ಅಕ್ಕಾ, ಬ್ಯಾರಿ ಬರುತ್ತದಾ?"
ಬರುವುದಿಲ್ಲ. ಕನ್ನಡದಲ್ಲೇ ಹೇಳಿದೆ:
ಪಟ್ಟಿ ಗುರುವಾರ ಮುಚ್ಚಿತಲ್ಲ.
ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ.
ನಾನು ಇಗರ್ಜಿಗೆ ಹೋಗುವವಳು. ಆದರೂ
ಪೂಜಾರಿ ಯಾರೆಂದು ಆ ಗಳಿಗೆ ಗೊತ್ತಾಯಿತು.

ಬಿಸಿಲು ಇಳಿಯಲೆಂದು ಅವಳು ಅಲ್ಲೇ ಕೂತಳು.
ನಾನು ಸುಮ್ಮನೆ, ಬೆರಳಿಗೆ ಕೆಲಸವಿಲ್ಲದ್ದಕ್ಕೆ,
ಅರವತ್ತನಾಲ್ಕರಿಂದ ಭಾಗಿಸಿ ನೋಡಿದೆ.
178.125. ಉಳಿಕೆ
ಇಲ್ಲ.
ಮತ್ತೆ ಒತ್ತಿದೆ. ಹಳೇ ರಸೀದಿಯ ಬೆನ್ನಮೇಲೆ
ಶಾಲೆಯಲ್ಲಿ ಕಲಿತ ಹಾಗೆ ಕೈಯಾರೆ ಗುಣಿಸಿ ತಾಳೆ ನೋಡಿದೆ.
ಒಂದು ಫಿಲ್ಸೂ ಇಲ್ಲ.

ಮೇಡಂ ಬಹಳ ಹೊತ್ತು ಕ್ಯಾಲ್ಕುಲೇಟರನ್ನೇ ನೋಡಿದರು.
"ಚಂದದ ಲೆಕ್ಕ. ಆದರೆ ಇದು
ಅರವತ್ತಮೂರು ಮನೆಯಿಂದ ತಲಾ ಎರಡು ದಿನಾರು
ಎಂಟುನೂರ ಇಪ್ಪತ್ತೇಳು ಫಿಲ್ಸ್ ಕೀಳುವ ಲೆಕ್ಕ.
ಹಣ ನನ್ನದಲ್ಲ, ನಿನ್ನದಲ್ಲ. ಅವರನ್ನೇ ಕೇಳು."

ಕೇಳಿದೆ. ಎರಡು ದಿನ ಕಿವಿಯೂ ಫೋನೂ ಬಿಸಿ.
ಉಮ್ಮ್ ಜಾಸಿಮ್ ಕೇಳಿದ್ದು, "ಮಕ್ಕಳೆಷ್ಟು?" ಅಷ್ಟೇ.
ಮಹದಿ ಬೈದ; ನನ್ನನ್ನಲ್ಲ, ಇಲಾಖೆಯನ್ನು; ಆಮೇಲೆ ಹೂಂ ಅಂದ.
ಕೆಲವರು ಮಾತು ಮುಗಿಯುವ ಮೊದಲೇ ಹೂಂ ಅಂದರು.
ಕಚೇರಿಯ ದನಿಗೆ ಹೂಂ ಅಂದು ಅಭ್ಯಾಸವಾದವರು.
ಆ ಹೂಂ ಈಗಲೂ ನನ್ನನ್ನು ಚುಚ್ಚುತ್ತದೆ.
ನವಾಲ್ ಒಬ್ಬಳು, "ಇಲ್ಲ. ಅದು ನನ್ನ ಮಗನ ಉಬ್ಬಸದ ಔಷಧ."

ಅವಳದನ್ನು ಮುಟ್ಟಲಿಲ್ಲ. ಆ 2.827
ಯಾರ ಪರ್ಸಿನಿಂದ ಬಂತೆಂದು ಪುಸ್ತಕ ಹೇಳುವುದಿಲ್ಲ.
"ಚಿಲ್ಲರೆ ಹೊಂದಾಣಿಕೆ" ಎಂದು ಬರೆದೆ.
ಆಡಿಟರು ಟಿಕ್ಕು ಹಾಕಿ ಚಹಾ ಕುಡಿದು ಹೋದ.

ಝುಲೇಖಾ ಎಣಿಸಿಕೊಂಡಳು, ನೋಟು, ನೋಟಿನ ಮೇಲೆ
ನೂರರದೊಂದು ನಾಣ್ಯ, ಇಪ್ಪತ್ತೈದರದೊಂದು.
ಥ್ಯಾಂಕ್ಸು ಗೀಂಕ್ಸು ಅನ್ನಲಿಲ್ಲ.
"ಬರುವ ವರ್ಷ ಮೊದಲೇ ಸೇರಿಸುತ್ತೀರಲ್ಲ?"
ಕಾಗದ ಅವಳ ಕಡೆ ತಿರುಗಿಸಿ
ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ.
ನನಗೆ ಅದರ ಅರ್ಥ ಗೊತ್ತು, ಅರಬ್ಬಿ ಓದಲು ಬಾರದು.
ಅವಳು ಮದರಸದಲ್ಲಿ ಕಲಿತವಳು. ಸೆರಗು ತಲೆಗೆಳೆದುಕೊಂಡು
ಒಂದೊಂದೇ ಅಕ್ಷರ ತಡವುತ್ತ ಓದಿದಳು,
ಎಷ್ಟು ಇಂಪಾಗಿ ಓದಿದಳು! ಓದಿ ತಲೆಯೆತ್ತಿ
"ಅಂದರೆ ಏನಕ್ಕಾ?" ಎಂದಳು.